ಪಾಠದ ವಿಡಿಯೊ ಯಾರ ಕೈಯಲ್ಲಿ ತೆರೆಯಬೇಕು?

(ಪದವಿ ಕಾಲೇಜು ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಗೆಳೆಯರೇ,

2021ರ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ನನಗೆ ಫೋನ್ ಮಾಡಿದ್ದಳು. ಬಿ.ಕಾಂ. ಮೊದಲ ವರ್ಷ. ‘ಸರ್, ಸವಕಳಿ ಪಾಠವನ್ನು ಮೂರು ದಿನದಿಂದ ಇಳಿಸಿಕೊಳ್ಳುತ್ತಿದ್ದೇನೆ. ಅರ್ಧಕ್ಕೆ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ’ ಎಂದಳು. ದೂರು ಹೇಳುವ ದನಿಯಾಗಿರಲಿಲ್ಲ ಅದು. ತನ್ನದೇ ತಪ್ಪೇನೋ ಎಂಬಂತೆ ಹೇಳಿದಳು. ಯಂತ್ರದಂಥ ಆಸ್ತಿ ಬಳಸಿದಂತೆ ಬೆಲೆ ಕಳೆದುಕೊಳ್ಳುವುದನ್ನು ಲೆಕ್ಕ ಹಾಕುವ ಆ ಪಾಠಕ್ಕೆ ನಾನು ಎರಡು ದಿನ ದುಡಿದಿದ್ದೆ. ಒಳ್ಳೆಯ ಕ್ಯಾಮೆರಾ ಎರವಲು ತಂದು, ಬೆನ್ನ ಹಿಂದೆ ಹಸಿರು ಬಟ್ಟೆ ಕಟ್ಟಿ, 45 ನಿಮಿಷದ ವಿಡಿಯೊ ಮಾಡಿ ಕೊಂಡಿ (ಲಿಂಕ್) ಕಳಿಸಿದ್ದೆ. ಸಹೋದ್ಯೋಗಿಗಳು ನೋಡಿ ಮೆಚ್ಚಿದ್ದರು. ಅವರೆಲ್ಲ ನೋಡಿದ್ದು ಕಾಲೇಜಿನ ವೈ-ಫೈನಲ್ಲಿ.

ಫೋನ್ ಇಟ್ಟ ಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನನ್ನ ವಿಡಿಯೊ ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ತಿನ್ನುತ್ತಿತ್ತು. 45 ನಿಮಿಷ ಎಂದರೆ 2,700 ಸೆಕೆಂಡು. ಗುಣಿಸಿ, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಭಾಗಿಸಿದರೆ ಸುಮಾರು 844 ಎಂಬಿ. ಆ ಹುಡುಗಿಯ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್. ಅದರಲ್ಲೇ ತಮ್ಮನ ಶಾಲೆ, ತಂದೆಯ ಅಡಿಕೆ ಧಾರಣೆ, ಊರವರ ವಾಟ್ಸ್ಆ್ಯಪ್ ಎಲ್ಲವೂ ನಡೆಯಬೇಕು. ನನ್ನ ಒಂದು ಪಾಠ ಆ ಮನೆಯ ಒಂದು ದಿನದ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತಿತ್ತು. ಅರ್ಧಕ್ಕೆ ನಿಂತು ಮತ್ತೆ ಶುರುವಾದರೆ ಪೂರ್ತಿ ದಿನವನ್ನೇ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ನಾವು ಆಡಂಬರಕ್ಕೆ ಹೇಳುತ್ತೇವೆ. ಅಂದು ಅದು ನನ್ನ ಪಾಠಕ್ಕೆ ಸರಿಯಾಗಿ ಹೊಂದಿತ್ತು.

ಅಂದಿನಿಂದ ನಾನು ಕೆಲಸದ ಕ್ರಮವನ್ನೇ ತಿರುಗಿಸಿಕೊಂಡಿದ್ದೇನೆ. ಯಾವ ಕ್ಯಾಮೆರಾ, ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಮೊದಲು ಕೇಳಿಕೊಳ್ಳುವುದು: ನನ್ನ ತರಗತಿಯಲ್ಲಿ ಅತ್ಯಂತ ಕಡಿಮೆ ಸೌಲಭ್ಯವಿರುವ ವಿದ್ಯಾರ್ಥಿಯ ಕೈಯಲ್ಲಿ ಯಾವ ಫೋನ್ ಇದೆ, ಅಲ್ಲಿ ಸಿಗ್ನಲ್ ಎಷ್ಟಿದೆ, ಎಷ್ಟು ಹೊತ್ತಿಗೆ ನೋಡುತ್ತಾಳೆ? ಅಲ್ಲಿಂದ ಹಿಂದಕ್ಕೆ ನಡೆದು ನನ್ನ ಮೇಜಿಗೆ ಬರುತ್ತೇನೆ. ಇವತ್ತು ನಾನು ಹೇಳುವುದೆಲ್ಲ ಆ ನಡಿಗೆಯಲ್ಲಿ ಕಲಿತದ್ದು.

ಇದು ಹೊಸ ಮಾತೇನಲ್ಲ. ಕರ್ನಾಟಕದ ಹಳ್ಳಿಗಳಿಗೆ ವಿಡಿಯೊ ಪಾಠ ಬಂದದ್ದು 1975ರಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೊ ಒಂದು ವರ್ಷ ನಡೆಸಿದ, ಟಿವಿ ಪಾಠಗಳನ್ನು ಹಳ್ಳಿಗೆ ತಲುಪಿಸುವ ಸೈಟ್ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳೂ ಅದರಲ್ಲಿದ್ದವು. ಆ ಯೋಜನೆಯಲ್ಲಿ ನನಗೆ ಉಪಗ್ರಹಕ್ಕಿಂತ ಹೆಚ್ಚು ಇಷ್ಟವಾಗುವುದು ಹಳ್ಳಿಯಲ್ಲಿ ನಿಲ್ಲಿಸಿದ್ದ ಆಂಟೆನಾ. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯನ್ನೇ ಬಾಗಿಸಿ ಮಾಡಿದ್ದ, ಸುಮಾರು ಹತ್ತು ಅಡಿ ಅಗಲದ ಬೋಗುಣಿ ಅದು. ಹಳ್ಳಿಯಲ್ಲಿ ನಿಲ್ಲಬಲ್ಲದ್ದು ಯಾವುದು, ಅಗ್ಗವಾಗಿ ಕಟ್ಟಬಹುದಾದದ್ದು ಯಾವುದು ಎಂದು ಯೋಚಿಸಿದವರು ಮಾಡಿದ ಸಾಧನ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು; ಅದರ ಮೊದಲ ಪ್ರಯೋಗಗಳಲ್ಲಿ ಚಾಮರಾಜನಗರದ ಶಾಲೆಗಳಿದ್ದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಏಕೆಂದರೆ ಇಂಟರ್ನೆಟ್ ಇಲ್ಲದ ಮನೆಯಲ್ಲೂ ಟಿವಿ ಇತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ: ಸಿಗ್ನಲ್ ಸಿಗುವ ಜಾಗದಲ್ಲಿ, ಸುರಿಯುವ ಮಳೆಯಲ್ಲಿ ಮಗಳು ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಆ ಕೊಡೆಯ ಕೆಳಗೆ ಕುಳಿತ ಹುಡುಗಿಗೆ ನಮ್ಮ ಹಸಿರು ಬಟ್ಟೆಯಿಂದ ಏನು ಪ್ರಯೋಜನ?

ಈಗ ಸಾಧನಗಳ ಮಾತಿಗೆ ಬರುತ್ತೇನೆ. ಮೊದಲು ಧ್ವನಿ.

ಚಿತ್ರ ಮಸುಕಾದರೆ ವಿದ್ಯಾರ್ಥಿ ಸಹಿಸಿಕೊಳ್ಳುತ್ತಾನೆ. ಧ್ವನಿ ಕೆಟ್ಟರೆ ಎರಡನೆಯ ನಿಮಿಷಕ್ಕೇ ಬಿಟ್ಟು ಹೋಗುತ್ತಾನೆ. ಆದರೂ ನಾವು ದುಡ್ಡು ಹಾಕುವುದು ಕ್ಯಾಮೆರಾಕ್ಕೆ! ಲ್ಯಾಪ್‌ಟಾಪಿನೊಳಗಿನ ಮೈಕ್ ನಿಮ್ಮ ಬಾಯಿಂದ ಎರಡು ಅಡಿ ದೂರದಲ್ಲಿರುತ್ತದೆ. ಫ್ಯಾನಿನ ಸದ್ದು, ಕೀಲಿಮಣೆಯ ಟಕಟಕ, ಗೋಡೆಗೆ ಬಡಿದು ಬರುವ ನಿಮ್ಮದೇ ಪ್ರತಿಧ್ವನಿ ಎಲ್ಲವನ್ನೂ ಅದು ಸಮಾನವಾಗಿ ಹಿಡಿಯುತ್ತದೆ. ದೂರ ಎರಡರಷ್ಟಾದರೆ ಮೈಕ್ ತಲುಪುವ ಧ್ವನಿಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ನನ್ನ ಅಳತೆ ಒಂದು ಗೇಣು. ಅಂಗಿಯ ಗುಂಡಿಗೆ ಸಿಕ್ಕಿಸುವ ಸಣ್ಣ ತಂತಿ ಮೈಕ್ ಆಗಲಿ, ಫೋನಿನ ಜೊತೆ ಬಂದ ಇಯರ್‌ಫೋನಿನ ಮೈಕ್ ಆಗಲಿ, ಬಾಯಿಂದ ಒಂದು ಗೇಣು ದೂರದಲ್ಲಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಸೀರೆ ಉಟ್ಟವರು ಸೆರಗು ಉಜ್ಜದ ಕಡೆ, ಸರ ತಾಗದ ಕಡೆ ಸಿಕ್ಕಿಸಬೇಕು. ಮಾಂಗಲ್ಯ ಸರ ಮೈಕಿಗೆ ತಾಗುವ ಸದ್ದು ಮೂವತ್ತು ನಿಮಿಷದ ಪಾಠವನ್ನು ಹಾಳು ಮಾಡಿದ್ದನ್ನು ಕಂಡಿದ್ದೇನೆ. ಹೇಳುವವರಿಗೆ ಅದು ಕೇಳಿಸುವುದೇ ಇಲ್ಲ.

ಇನ್ನರ್ಧ ಕೆಲಸ ಕೋಣೆಯದು. ಖಾಲಿ ತರಗತಿ ರೆಕಾರ್ಡಿಂಗ್‌ಗೆ ಅತ್ಯಂತ ಕೆಟ್ಟ ಜಾಗ: ಬರಿಗೋಡೆ, ಗಾಜು, ರೆಡ್ ಆಕ್ಸೈಡ್ ನೆಲ. ಮನೆಯಲ್ಲಿ ಹಾಸಿಗೆ ದಿಂಬುಗಳಿರುವ ಕೋಣೆ, ಬಟ್ಟೆ ತುಂಬಿದ ಬೀರು ತೆರೆದಿಟ್ಟ ಕೋಣೆ ಅದಕ್ಕಿಂತ ಎಷ್ಟೋ ಮೇಲು. ನಾನು ಮೇಜಿನ ಎದುರಿನ ಗೋಡೆಗೆ ಒಂದು ಕಂಬಳಿ ನೇತುಹಾಕುತ್ತೇನೆ, ಮೇಜಿನ ಮೇಲೊಂದು ದಪ್ಪ ಟವೆಲ್ ಹಾಸುತ್ತೇನೆ. ಮಲೆನಾಡಿನಲ್ಲಿ ಹಂಚಿನ ಮೇಲೆ, ತಗಡಿನ ಮೇಲೆ ಮಳೆ ಬೀಳುವಾಗ ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ಕಾಪಾಡುವುದಿಲ್ಲ. ಬೆಳಗಿನ ಜಾವ ಮಳೆ ಬಿಟ್ಟಾಗ ರೆಕಾರ್ಡ್ ಮಾಡುವುದೇ ದಾರಿ. ಒಂದೇ ಸಮನೆ ಗುಂಯ್‌ಗುಡುವ ಫ್ಯಾನಿನ ಸದ್ದಾದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ತೆಗೆಯಬಲ್ಲದು. ಅದಕ್ಕಾಗಿ ಪಾಠ ಶುರು ಮಾಡುವ ಮುನ್ನ ಐದು ಸೆಕೆಂಡು ಸುಮ್ಮನಿರಿ. ಆ ಮೌನದಲ್ಲಿ ಇರುವ ಸದ್ದು ಯಾವುದು ಎಂದು ತೋರಿಸಿಕೊಟ್ಟರೆ, ಇಡೀ ಫೈಲಿನಿಂದ ಆಡಾಸಿಟಿ ಅದನ್ನೇ ಕಳೆಯುತ್ತದೆ.

ಧ್ವನಿಯ ಬಗ್ಗೆ ಇಷ್ಟು ಹೊತ್ತು ತೆಗೆದುಕೊಂಡೆ. ನೀವು ಮಿಕ್ಕದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಚಿತ್ರಕ್ಕೆ ಬಂದರೆ, ಪಾಠ ಯಾವುದು ಎನ್ನುವುದು ಸಾಧನವನ್ನು ಹೇಳುತ್ತದೆ. ನನ್ನದು ಲೆಕ್ಕಶಾಸ್ತ್ರ. ಖಾತೆ ಎನ್ನುವುದು ಸಾಲು ಸಾಲಾಗಿ ತುಂಬಬೇಕಾದ ವಸ್ತು. ತುಂಬಿಟ್ಟ ಖಾತೆಯನ್ನು ಸ್ಲೈಡಿನಲ್ಲಿ ಒಮ್ಮೆಲೇ ತೋರಿಸಿದರೆ ಕಣ್ಣು ಎಲ್ಲಿಗೆ ಹೋಗಬೇಕು ಎಂಬುದೇ ತಿಳಿಯುವುದಿಲ್ಲ. ಒಂದು ಲಕ್ಷದ ಯಂತ್ರ, ಶೇ 10ರಂತೆ ಇಳಿಕೆ ಶೇಷ ವಿಧಾನದಲ್ಲಿ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ, ಸವಕಳಿ. ಮೊದಲ ವರ್ಷ 10,000. ಶೇಷ 90,000 ಎಂದು ಬರೆದು, ಅದರ ಮೇಲೆ ಪೆನ್ನಿನ ತುದಿಯನ್ನು ಒಂದು ಕ್ಷಣ ಇಟ್ಟು, ಆಮೇಲೆ ಎರಡನೆಯ ವರ್ಷದ 9,000 ಬರೆದರೆ ಹುಡುಗರಿಗೆ ಅರ್ಥವಾಗುತ್ತದೆ. ಆ ಒಂದು ಕ್ಷಣದ ತಡೆಯಲ್ಲಿಯೇ ಪಾಠ ಇರುವುದು. ಅದನ್ನು ತೋರಿಸಲು ನನಗೆ ಬೇಕಾದದ್ದು ಕಾಗದದ ಮೇಲೆ ನೇರವಾಗಿ ಕೆಳಗೆ ನೋಡುವ ಕ್ಯಾಮೆರಾ.

ಎರಡು ಕಡೆ ಒಂದೊಂದು ಅಡಿ ಎತ್ತರಕ್ಕೆ ಪುಸ್ತಕಗಳನ್ನು ಪೇರಿಸಿ, ಮೇಲೆ ಎರಡು ಸ್ಟೀಲ್ ಸ್ಕೇಲುಗಳನ್ನು ಸೇತುವೆಯ ಹಾಗೆ ಇಟ್ಟು, ಅವುಗಳ ಮೇಲೆ ಫೋನನ್ನು ಮಲಗಿಸಿ, ಹಿಂದಿನ ಕ್ಯಾಮೆರಾ ಸ್ಕೇಲುಗಳ ನಡುವಿನ ಸಂದಿನಿಂದ ಕೆಳಗೆ ನೋಡುವಂತೆ ಮಾಡಿದೆ. ಸ್ಕೇಲು ಜಾರದಂತೆ ತುದಿಗಳ ಮೇಲೆ ಇನ್ನೊಂದು ಪುಸ್ತಕ. ಬಿಳಿ ಹಾಳೆಯ ಬದಲು ತುಸು ಕಂದು ಹಾಳೆ, ಏಕೆಂದರೆ ಅಚ್ಚ ಬಿಳಿಯನ್ನು ಕಂಡ ಫೋನ್ ಬೆಳಕನ್ನು ತಗ್ಗಿಸಿ ಎಲ್ಲವನ್ನೂ ಬೂದು ಬಣ್ಣ ಮಾಡುತ್ತದೆ. ಬಲಗೈಯವರಿಗೆ ಕಿಟಕಿ ಎಡಕ್ಕಿರಬೇಕು, ಇಲ್ಲದಿದ್ದರೆ ಬರೆಯುವ ಕೈಯ ನೆರಳು ಅಕ್ಷರದ ಮೇಲೆಯೇ ಬೀಳುತ್ತದೆ. ಫೋನಿನ ಪರದೆಯಲ್ಲಿ ಹಾಳೆ ಕಾಣುವ ಕಡೆ ಒಮ್ಮೆ ಒತ್ತಿ ಹಿಡಿದು ಫೋಕಸ್ ಬಿಗಿ ಮಾಡಿಕೊಳ್ಳಿ. ಇಲ್ಲವಾದರೆ ಕೈ ಬಂದಾಗಲೆಲ್ಲ ಫೋನ್ ಕೈಯನ್ನು ನೋಡಿ ಅಕ್ಷರವನ್ನು ಮರೆಯುತ್ತದೆ. ಮತ್ತೆ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಇಷ್ಟೇ. ಈ ಸೇತುವೆಯ ಕೆಳಗೆ ಮಾಡಿದ ಪಾಠಗಳನ್ನು ನನ್ನ ವಿದ್ಯಾರ್ಥಿಗಳು ಹಸಿರು ಬಟ್ಟೆಯ ಪಾಠಗಳಿಗಿಂತ ಹೆಚ್ಚು ಬಾರಿ ನೋಡಿದ್ದಾರೆ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದರು. ಕೈಯಿಂದ ಬರೆಯುತ್ತ ವಿವರಿಸುವ ವಿಡಿಯೊಗಳು ಬರೀ ಸ್ಲೈಡಿನ ವಿಡಿಯೊಗಳಿಗಿಂತ ವಿದ್ಯಾರ್ಥಿಗಳನ್ನು ಹೆಚ್ಚು ಹಿಡಿದಿಟ್ಟಿದ್ದವು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಸಮಯದ ಮಧ್ಯಾಂಕ, ಅಂದರೆ ನೋಡಿದವರ ಸಾಲಿನಲ್ಲಿ ನಟ್ಟನಡುವಿನವರ ಸಮಯ, ಆರು ನಿಮಿಷ ದಾಟಲಿಲ್ಲ. ತರಗತಿಯ ಉಪನ್ಯಾಸವನ್ನು ಹಾಗೆಯೇ ಹಿಡಿದು ತುಂಡು ಮಾಡಿ ಹಾಕಿದರೆ ಅದು ಮೊದಲಿನಿಂದಲೇ ವಿಡಿಯೊಕ್ಕಾಗಿ ಯೋಚಿಸಿದ ಪಾಠದಷ್ಟು ನಿಲ್ಲುವುದಿಲ್ಲ ಎಂದೂ ಅವರು ಕಂಡರು. ಅಮೆರಿಕದ ಸಲ್ಮಾನ್ ಖಾನ್ ಎಂಬವರು 2004ರಲ್ಲಿ ದೂರದ ಊರಿನ, ತಂಗಿ ವರಸೆಯ ಹುಡುಗಿಗೆ ಗಣಿತ ಹೇಳಿಕೊಡಲು ಆರಂಭಿಸಿ, ಮುಂದೆ ಖಾನ್ ಅಕಾಡೆಮಿ ಎಂಬ ಉಚಿತ ಪಾಠಗಳ ತಾಣ ಕಟ್ಟಿದ್ದು ಇಂಥದೇ ಸರಳ ಸಾಧನಗಳಿಂದ. ಕಪ್ಪು ಪರದೆ, ಬಣ್ಣದ ಬರಹ, ಒಂದು ದನಿ, ಮುಖವೇ ಕಾಣುವುದಿಲ್ಲ.

ಪಾಠ ಕಂಪ್ಯೂಟರಿನ ಮೇಲೆಯೇ ನಡೆಯುವಂಥದ್ದಾದರೆ, ಉದಾಹರಣೆಗೆ ಟ್ಯಾಲಿ ಅಥವಾ ಎಕ್ಸೆಲ್ ಕಲಿಸುವುದಾದರೆ, ಪರದೆಯನ್ನೇ ರೆಕಾರ್ಡ್ ಮಾಡಬೇಕು. ನನ್ನ ಆಯ್ಕೆ ಓಬಿಎಸ್ ಸ್ಟುಡಿಯೊ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸಮಯದ ಮಿತಿಯಿಲ್ಲ, ವಿಡಿಯೊ ಮೇಲೆ ಯಾರ ಮುದ್ರೆಯೂ ಬೀಳುವುದಿಲ್ಲ. ಮೊದಲ ದಿನ ಅದರ ಕಿಟಕಿ ನೋಡಿ ಗಾಬರಿಯಾಗುತ್ತದೆ, ನಿಜ. ಒಂದು ಸಂಜೆ ಕುಳಿತರೆ ಬೇಕಾದಷ್ಟು ಬರುತ್ತದೆ.

ಅದರಲ್ಲಿ ಒಂದು ಸಣ್ಣ ಆಯ್ಕೆಯನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ಆನ್‌ಲೈನ್ ಪಾಠದ ಆರಂಭದ ದಿನಗಳಲ್ಲಿ ನಾನು ಬೇರೊಂದು ತಂತ್ರಾಂಶದಲ್ಲಿ ಐವತ್ತು ನಿಮಿಷ ರೆಕಾರ್ಡ್ ಮಾಡಿದ್ದೆ. ಮುಗಿಸಲು ಎರಡು ಮಾತು ಬಾಕಿಯಿತ್ತು, ಕರೆಂಟು ಹೋಯಿತು. ಹಳೆಯ ಕಂಪ್ಯೂಟರು, ಯುಪಿಎಸ್ ಇರಲಿಲ್ಲ. ಮತ್ತೆ ಹಚ್ಚಿದಾಗ ಫೈಲ್ ಇತ್ತು, ನೂರಾರು ಎಂಬಿ ತೂಕವೂ ಇತ್ತು, ತೆರೆಯಲಿಲ್ಲ. ಕಾರಣ ಇದು: ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪರಿವಿಡಿಯನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯಲಾಗುತ್ತದೆ. ನಿಲ್ಲಿಸುವ ಮುನ್ನವೇ ಕರೆಂಟು ಹೋದರೆ ಪುಟಗಳೆಲ್ಲ ಇವೆ, ಪರಿವಿಡಿ ಇಲ್ಲ. ಪ್ಲೇಯರಿಗೆ ಓದಲು ತಿಳಿಯುವುದಿಲ್ಲ. ಎಂಕೆವಿ ಎಂಬ ಮಾದರಿಯಲ್ಲಿ ಹಾಗಲ್ಲ, ಎಲ್ಲಿಯವರೆಗೆ ಬರೆದಿದೆಯೋ ಅಲ್ಲಿಯವರೆಗೆ ತೆರೆಯುತ್ತದೆ. ಓಬಿಎಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರೆಕಾರ್ಡಿಂಗ್ ಮಾದರಿಯನ್ನು ಎಂಕೆವಿ ಎಂದು ಆರಿಸಿಕೊಳ್ಳಿ. ಪಾಠ ಮುಗಿದ ಮೇಲೆ ಫೈಲ್ ಮೆನುವಿನಲ್ಲೇ ಇರುವ ರೀಮಕ್ಸ್ ಎಂಬ ಆಯ್ಕೆಯಿಂದ ಎಂಪಿ4 ಮಾಡಿಕೊಳ್ಳಬಹುದು. ಗುಣಮಟ್ಟ ಚೂರೂ ಕುಗ್ಗುವುದಿಲ್ಲ. ನಮ್ಮ ಊರುಗಳ ಕರೆಂಟನ್ನು ಬಲ್ಲ ಯಾರಿಗೂ ಇದಕ್ಕಿಂತ ಉಪಯುಕ್ತವಾದ ಸೆಟ್ಟಿಂಗ್ ಇನ್ನೊಂದಿಲ್ಲ.

ಸ್ಲೈಡಿನಿಂದಲೇ ಪಾಠ ಮಾಡುವವರಿಗೆ ಪವರ್‌ಪಾಯಿಂಟ್‌ನೊಳಗೇ ರೆಕಾರ್ಡ್ ಮಾಡುವ ಸೌಲಭ್ಯವಿದೆ. ಅದರ ಗುಣವೆಂದರೆ ಧ್ವನಿ ಸ್ಲೈಡ್ ಸ್ಲೈಡಿಗೂ ಬೇರೆಯಾಗಿ ಉಳಿಯುತ್ತದೆ. ಏಳನೆಯ ಸ್ಲೈಡಿನಲ್ಲಿ ಮಾತು ತಪ್ಪಿದರೆ ಏಳನೆಯದನ್ನು ಮಾತ್ರ ಮತ್ತೆ ಹೇಳಿದರಾಯಿತು. ಎಡಿಟಿಂಗ್ ಎಂದರೆ ಹಿಂಜರಿಯುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಫೋನ್ ಮಾತ್ರ ಇರುವವರೂ ಯೋಚಿಸಬೇಕಿಲ್ಲ. ಆಂಡ್ರಾಯ್ಡ್ 11ರಿಂದ ಪರದೆ ರೆಕಾರ್ಡ್ ಮಾಡುವ ಸೌಲಭ್ಯ ಫೋನಿನ ವ್ಯವಸ್ಥೆಯಲ್ಲೇ ಸೇರಿದೆ.

ನೇರ ತರಗತಿಯ ರೆಕಾರ್ಡಿಂಗ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ, ಆದರೆ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತದೆ. ಗೂಗಲ್ ಮೀಟ್ ಉಚಿತ ಖಾತೆಯಲ್ಲಿ ಒಂದು ಗಂಟೆ ಕೊಡುತ್ತದೆ, ರೆಕಾರ್ಡಿಂಗ್ ಕೊಡುವುದಿಲ್ಲ. ಕಾಲೇಜಿಗೆ ತನ್ನದೇ ಸರ್ವರ್ ನಡೆಸುವ ಶಕ್ತಿಯಿದ್ದರೆ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿಗ್‌ಬ್ಲೂಬಟನ್ ಇದೆ. ಪಾಠಕ್ಕೆಂದೇ ಮಾಡಿದ ಮುಕ್ತ ತಂತ್ರಾಂಶ, ಆನ್‌ಲೈನ್ ತರಗತಿ ನಡೆಸುವ ಮೂಡಲ್ ತಂತ್ರಾಂಶದ ಜೊತೆ ಸಲೀಸಾಗಿ ಸೇರುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ‘ಕೇಳಿಸುತ್ತಿದೆಯಾ’, ‘ಮ್ಯೂಟ್ ಮಾಡಿ’, ‘ಯಾರದು ಸದ್ದು’ ಎಂಬ ಮಾತುಗಳು ತುಂಬಿದ ಒಂದು ಗಂಟೆಯ ರೆಕಾರ್ಡಿಂಗನ್ನು ‘ಪಾಠ’ ಎಂದು ಕೊಂಡಿ ಕಳಿಸುವುದು ಬರಲಾಗದ ವಿದ್ಯಾರ್ಥಿಗೆ ನಾವು ಮಾಡುವ ಅನ್ಯಾಯ. ಆ ಗಂಟೆಯೊಳಗೆ ನಿಜವಾಗಿ ಪಾಠವಾಗಿರುವ ಹನ್ನೆರಡು ನಿಮಿಷಗಳನ್ನು ಕತ್ತರಿಸಿ ಕೊಡಿ. ಶಾಟ್‌ಕಟ್ ಎಂಬ ಉಚಿತ ಎಡಿಟರ್ ಸಾಕು.

ತಲುಪಿಸುವ ಮುನ್ನ ತೂಕ ಇಳಿಸಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊವನ್ನು 480ಪಿಗೆ, ಅಂದರೆ ಮೇಲಿನಿಂದ ಕೆಳಗೆ 480 ಚುಕ್ಕಿಗಳಿಗೆ, ಇಳಿಸಿ. ಸೆಕೆಂಡಿಗೆ 15 ಚಿತ್ರ ಸಾಕು. ನಾವು ಕ್ರಿಕೆಟ್ ತೋರಿಸುತ್ತಿಲ್ಲ. ಧ್ವನಿ ಮೋನೊ, 64 ಕಿಲೊಬಿಟ್. ಗುಣಮಟ್ಟಕ್ಕೆ ಆರ್‌ಎಫ್ ಎಂಬ ಅಂಕಿ ಇದೆ. ಅಂಕಿ ಹೆಚ್ಚಿದಷ್ಟೂ ಫೈಲ್ ಸಣ್ಣದು. 26, 28ರವರೆಗೂ ಕಾಗದದ ಬರಹ ಚೆನ್ನಾಗಿಯೇ ಕಾಣುತ್ತದೆ. ಕೋಡೆಕ್ (ವಿಡಿಯೊವನ್ನು ಕುಗ್ಗಿಸುವ ವಿಧಾನ) ಎಚ್.264 ಇರಲಿ. ಎಚ್.265 ಇನ್ನೂ ಸಣ್ಣದು ಮಾಡುತ್ತದೆ, ಆದರೆ ಹಳೆಯ ಫೋನುಗಳು ಅದರ ಮುಂದೆ ತೊದಲುತ್ತವೆ, ಮತ್ತು ನಾವು ಯೋಚಿಸುತ್ತಿರುವುದು ಹಳೆಯ ಫೋನಿನ ಬಗ್ಗೆಯೇ. ಚಿತ್ರಕ್ಕೆ ಸುಮಾರು 300 ಕಿಲೊಬಿಟ್ ಬಂದರೆ, ಧ್ವನಿ ಸೇರಿ ಹತ್ತು ನಿಮಿಷದ ಪಾಠ ಸುಮಾರು 27 ಎಂಬಿ. ಅದೇ 45 ನಿಮಿಷದ ಸವಕಳಿ ಪಾಠ 844ರಿಂದ 123 ಎಂಬಿಗೆ ಇಳಿಯಿತು. ಧ್ವನಿಯನ್ನು ಮಾತ್ರ ಬೇರೆಯಾಗಿ ಕೊಟ್ಟರೆ ಹತ್ತು ನಿಮಿಷಕ್ಕೆ ಐದು ಎಂಬಿಯೂ ಇಲ್ಲ. ಬಸ್ಸಿನಲ್ಲಿ ಕೇಳಿಕೊಂಡು ಬರುವವರಿದ್ದಾರೆ.

ಹೀಗೆ ಇಳಿಸುವಾಗ ಕನ್ನಡಕ್ಕೆ ಬರುವ ಒಂದು ತೊಂದರೆಯನ್ನು ಇಂಗ್ಲಿಷಿನ ಕೈಪಿಡಿಗಳು ಹೇಳುವುದಿಲ್ಲ. ಸಿಗ್ನಲ್ ಕುಸಿದಾಗ ವಿಡಿಯೊ 240ಪಿಗೆ ಇಳಿಯುತ್ತದೆ. ಅಂದರೆ ಮೇಲಿನಿಂದ ಕೆಳಗೆ 240 ಚುಕ್ಕಿಗಳು. ಸ್ಲೈಡಿನಲ್ಲಿ ಹತ್ತು ಸಾಲು ಇದ್ದರೆ ಸಾಲಿಗೆ 24 ಚುಕ್ಕಿ. ಅಷ್ಟರಲ್ಲೇ ಅಕ್ಷರ, ಮೇಲಿನ ತಲೆಕಟ್ಟು, ಕೆಳಗಿನ ಒತ್ತು ಎಲ್ಲ ಕೂರಬೇಕು. ಕೂರುವುದಿಲ್ಲ. ದ ಮತ್ತು ಧದ ನಡುವಿನ ಸಣ್ಣ ಸೀಳು ಮುಚ್ಚಿಹೋಗುತ್ತದೆ. ಪ ಮತ್ತು ಷ ಒಂದಾಗುತ್ತವೆ. ಸ್ತ, ಸ್ಥ ಎಂಬ ಭೇದ ಅಳಿಸಿಹೋಗುತ್ತದೆ. ಅಂಕಿಗಳಲ್ಲಿ 3 ಮತ್ತು 8 ಅವಳಿಗಳಾಗುತ್ತವೆ, ಲೆಕ್ಕಶಾಸ್ತ್ರದಲ್ಲಿ ಅದರ ಪರಿಣಾಮ ನಿಮಗೆ ಹೇಳಬೇಕಿಲ್ಲ. ನನ್ನ ಸ್ಲೈಡಿನಲ್ಲಿ ಆರು ಸಾಲಿಗಿಂತ ಹೆಚ್ಚು ಇರುವುದಿಲ್ಲ. ಸಾಲಿಗೆ 40 ಚುಕ್ಕಿ ಸಿಕ್ಕರೆ ಒತ್ತಕ್ಷರ ಬದುಕುತ್ತದೆ.

ಇನ್ನು ಎಲ್ಲಿ ಇಡುವುದು? ಯೂಟ್ಯೂಬ್ ಬಗ್ಗೆ ನಿಮ್ಮಲ್ಲಿ ಹಲವರಿಗೆ ಸಂಕೋಚವಿದೆ, ಪಾಠವನ್ನು ಸಂತೆಯಲ್ಲಿ ಇಟ್ಟ ಹಾಗೆ ಎಂದು. ಆದರೆ ಅದು ಒಂದು ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ: ಒಂದೇ ವಿಡಿಯೊವನ್ನು ಹಲವು ತೂಕಗಳಲ್ಲಿ ಸಿದ್ಧಮಾಡಿಟ್ಟು, ನೋಡುವವರ ಸಿಗ್ನಲ್‌ಗೆ ತಕ್ಕದ್ದನ್ನು 144ಪಿವರೆಗೂ ಇಳಿಸಿ ಕೊಡುತ್ತದೆ. ‘ಅನ್‌ಲಿಸ್ಟೆಡ್’ ಎಂದು ಆರಿಸಿದರೆ ಹುಡುಕಿದವರಿಗೆ ಸಿಗುವುದಿಲ್ಲ, ಕೊಂಡಿ ಇದ್ದವರಿಗೆ ಮಾತ್ರ ತೆರೆಯುತ್ತದೆ. ಆದರೆ ಕೊಂಡಿ ಕೈಯಿಂದ ಕೈಗೆ ಹೋಗಬಲ್ಲದು, ಆದ್ದರಿಂದ ಅದನ್ನು ಬೀಗ ಎಂದು ನಂಬಬೇಡಿ. ‘ಪ್ರೈವೇಟ್’ ಎಂದರೆ ಒಬ್ಬೊಬ್ಬರ ಇಮೇಲ್ ಸೇರಿಸಬೇಕು. ಅರವತ್ತು ಜನರ ತರಗತಿಗೆ ಅದು ನಡೆಯುವ ಕೆಲಸವಲ್ಲ. ಹೊಸ ಖಾತೆ 15 ನಿಮಿಷಕ್ಕಿಂತ ಉದ್ದದ್ದನ್ನು ಒಪ್ಪುವುದಿಲ್ಲ; ಫೋನ್ ಸಂಖ್ಯೆಯಿಂದ ದೃಢೀಕರಿಸಿದರೆ ಮಿತಿ ತೆರೆಯುತ್ತದೆ.

ಗೂಗಲ್ ಡ್ರೈವ್‌ನಲ್ಲಿ ಇಡುವವರು ಹಂಚಿಕೆಯ ಅನುಮತಿಯನ್ನು ತಪ್ಪದೆ ನೋಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಪಾಠ ನೋಡಲು ಕುಳಿತವನಿಗೆ ‘ಅನುಮತಿ ಕೋರಿ’ ಎಂಬ ಪರದೆ ಕಂಡರೆ ಆ ರಾತ್ರಿ ಮುಗಿಯಿತು. ನೀವು ಬೆಳಿಗ್ಗೆ ಒಪ್ಪಿಗೆ ಕೊಡುವ ಹೊತ್ತಿಗೆ ಅವನು ತೋಟಕ್ಕೆ ಹೋಗಿರುತ್ತಾನೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಅದು ತಾನೇ ಮತ್ತೊಮ್ಮೆ ಹಿಂಡಿ, ಆಗಲೇ ಹೇಳಿದ ಒತ್ತಕ್ಷರಗಳನ್ನು ಅಳಿಸುತ್ತದೆ. ಮತ್ತೆ ಪೆನ್‌ಡ್ರೈವನ್ನು ಹಳೆಯದೆಂದು ಬಿಡಬೇಡಿ. ವಾರಕ್ಕೊಮ್ಮೆ ಪೇಟೆಗೆ ಬರುವ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಹತ್ತು ಪಾಠಗಳನ್ನು ಫೋನಿಗೆ ತುಂಬಿಕೊಂಡು ಹೋಗಲಿ. 270 ಎಂಬಿ, ಎರಡು ನಿಮಿಷದ ಕೆಲಸ.

ಎಲ್ಲಿಯೇ ಇಡಿ, ಮೂಲ ಫೈಲ್ ನಿಮ್ಮ ಬಳಿ ಇರಲೇಬೇಕು. ಉಚಿತವಾಗಿ ಕೊಟ್ಟವರು ಹಿಂತೆಗೆದುಕೊಳ್ಳುತ್ತಾರೆ. ಗೂಗಲ್ ಫೋಟೋಸ್‌ನ ಅಪರಿಮಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಕೊಡುತ್ತಿದ್ದ ಅಪರಿಮಿತ ಸಂಗ್ರಹ 2022ರಿಂದ ಸಂಸ್ಥೆಗೆ ಒಟ್ಟು 100 ಟಿಬಿಯ ಮಿತಿಗೆ ಬಂತು. ವಿದ್ಯಾರ್ಥಿಗಳು ಸಣ್ಣ ವಿಡಿಯೊಗಳಲ್ಲಿ ಉತ್ತರಿಸುತ್ತಿದ್ದ ಫ್ಲಿಪ್ ಎಂಬ ಸೇವೆಯನ್ನು ಜಗತ್ತಿನ ಎಷ್ಟೋ ಶಿಕ್ಷಕರು ನೆಚ್ಚಿದ್ದರು. ಮೈಕ್ರೊಸಾಫ್ಟ್ 2024ರಲ್ಲಿ ಸ್ವತಂತ್ರ ಸೇವೆಯಾಗಿ ಅದನ್ನು ಮುಚ್ಚಿತು. ಒಂದು ಹಾರ್ಡ್ ಡಿಸ್ಕ್ ಕಾಲೇಜಿನಲ್ಲಿ, ಒಂದು ಮನೆಯಲ್ಲಿ. ಫೈಲಿನ ಹೆಸರಿನಲ್ಲಿ ವಿಷಯ, ಘಟಕ, ಪಾಠ, ವರ್ಷ. ‘ಹೊಸ ವಿಡಿಯೊ ಕೊನೆಯದು 2’ ಎಂಬ ಹೆಸರು ಮುಂದಿನ ವರ್ಷ ನಿಮಗೇ ತಿಳಿಯುವುದಿಲ್ಲ.

ವಿಡಿಯೊದ ಶೀರ್ಷಿಕೆ, ವಿವರಣೆ, ಉಪಶೀರ್ಷಿಕೆ ಎಲ್ಲವೂ ಯುನಿಕೋಡ್ ಕನ್ನಡದಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಅಕ್ಷರಗಳಲ್ಲಿ ಇರಲಿ. ನಮ್ಮ ಹಳೆಯ ಟಿಪ್ಪಣಿಗಳೆಲ್ಲ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವನ್ನು ಹಾಗೆಯೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಪರಿವರ್ತಕಗಳಿವೆ, ಒಮ್ಮೆ ಕುಳಿತು ಪರಿವರ್ತಿಸಿಕೊಳ್ಳಿ. ಉಪಶೀರ್ಷಿಕೆಯ ಫೈಲ್ ಎಂದರೆ ಸಾಲಿನ ಸಂಖ್ಯೆ, ಆರಂಭದ ಮತ್ತು ಮುಗಿಯುವ ಸಮಯ, ಮಾತು, ಇಷ್ಟೇ ಇರುವ ಸರಳ ಪಠ್ಯ. ಕಿವಿ ಕೇಳದ ವಿದ್ಯಾರ್ಥಿಗೆ ಅದೇ ಪಾಠ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನು ಒಮ್ಮೆ ನೋಡಿ. ಸುಮಾರು ಹತ್ತು ನಿಮಿಷದ ಪಾಠಗಳು. ಮೊದಲು ಮಾತನ್ನೆಲ್ಲ ಬರೆದು, ವಿಷಯ ತಿಳಿಯದವರೊಬ್ಬರಿಂದ ಓದಿಸಿ ಸರಿಪಡಿಸಿ, ಆಮೇಲೆ ರೆಕಾರ್ಡ್ ಮಾಡುತ್ತಾರೆ. ಪರದೆಯ ಚಿತ್ರ ಒಂದೇ. ಅದರ ಮೇಲೆ ಕನ್ನಡ ಸೇರಿದಂತೆ ಭಾರತದ ಹಲವು ಭಾಷೆಗಳ ದನಿ. ಮಾತು ಮೊದಲೇ ಬರೆದಿದ್ದರಿಂದಲೇ ಅದು ಸಾಧ್ಯವಾದದ್ದು.

ವಿದ್ಯಾರ್ಥಿಗಳ ಮುಖ, ದನಿ ರೆಕಾರ್ಡಿಂಗ್‌ನಲ್ಲಿ ಬರುವಂತಿದ್ದರೆ ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ, ಮತ್ತು ನಮ್ಮ ಮೊದಲ ವರ್ಷದವರಲ್ಲಿ ಹದಿನೇಳರವರೂ ಇರುತ್ತಾರೆ. ತಪ್ಪು ಉತ್ತರ ಹೇಳಿದ ಹುಡುಗನ ದನಿ ವರ್ಷಾನುಗಟ್ಟಲೆ ಎಲ್ಲರ ಫೋನಿನಲ್ಲಿ ತಿರುಗಬಾರದು. ಅಂಥ ಭಾಗವನ್ನು ನಾನು ಕತ್ತರಿಸಿಯೇ ಹಾಕುತ್ತೇನೆ.

ಪ್ರಶ್ನೆ: ವಿಭಾಗಕ್ಕೆ ಐದು ಸಾವಿರ ರೂಪಾಯಿ ಸಿಕ್ಕರೆ ಏನು ಕೊಳ್ಳಬೇಕು?

ಮೊದಲು ಎರಡು ತಂತಿ ಮೈಕ್. ವೈರ್‌ಲೆಸ್ ಬೇಡ, ಅದರ ಬ್ಯಾಟರಿ ಬೇಕಾದ ದಿನವೇ ಮುಗಿದಿರುತ್ತದೆ. ಕೊಳ್ಳುವ ಮುನ್ನ ನಿಮ್ಮ ಫೋನಿನಲ್ಲಿ 3.5 ಮಿ.ಮೀ. ತೂತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಟೈಪ್-ಸಿ ಮೈಕ್. ಆಮೇಲೆ ಕೆಳಗೆ ಬಾಗುವ ಫೋನ್ ಸ್ಟ್ಯಾಂಡ್ ಒಂದು. ಉಳಿದ ದುಡ್ಡು ಹಾರ್ಡ್ ಡಿಸ್ಕಿಗೆ. ಕ್ಯಾಮೆರಾ ಕೇಳಬೇಡಿ, ಅದು ನಿಮ್ಮ ಜೇಬಿನಲ್ಲೇ ಇದೆ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಮಾಡಿದ ಒಂದೊಂದು ಗಂಟೆಯ ವಿಡಿಯೊಗಳು ನೂರಾರು ಇವೆ. ಎಲ್ಲವನ್ನೂ ಮತ್ತೆ ಮಾಡಲು ಪುರುಸೊತ್ತಿಲ್ಲ.

ಮತ್ತೆ ಮಾಡಬೇಕಿಲ್ಲ. ಅವು ಯೂಟ್ಯೂಬ್‌ನಲ್ಲಿದ್ದರೆ ವಿವರಣೆಯ ಜಾಗದಲ್ಲಿ ಸಮಯ ಮತ್ತು ವಿಷಯವನ್ನು ಸಾಲಾಗಿ ಬರೆಯಿರಿ. ಮೊದಲ ಸಾಲು 0:00 ಎಂದೇ ಶುರುವಾಗಬೇಕು, ಕನಿಷ್ಠ ಮೂರು ಸಾಲು ಇರಬೇಕು, ಒಂದೊಂದು ಭಾಗ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಅಷ್ಟು ಮಾಡಿದರೆ ವಿಡಿಯೊ ತಾನಾಗಿ ಅಧ್ಯಾಯಗಳಾಗಿ ಒಡೆದುಕೊಳ್ಳುತ್ತದೆ, ವಿದ್ಯಾರ್ಥಿ ಬೇಕಾದ ಕಡೆಗೆ ನೇರ ಹಾರಬಹುದು, ಹಾರಿದಷ್ಟು ಡೇಟಾ ಉಳಿಯುತ್ತದೆ. ವಿಡಿಯೊ ಒಂದಕ್ಕೆ ಹತ್ತು ಹದಿನೈದು ನಿಮಿಷದ ಕೆಲಸ. ಪರೀಕ್ಷೆಗೆ ಹೆಚ್ಚು ಬೇಕಾಗುವ ಘಟಕದಿಂದ ಶುರು ಮಾಡಿ. ನನ್ನ ಹಳೆಯ ಸವಕಳಿ ಪಾಠವನ್ನು ತೂಕ ಇಳಿಸಿ, ಹೀಗೆ ಒಂಬತ್ತು ಭಾಗ ಮಾಡಿ ಮತ್ತೆ ಹಾಕಿದೆ. ಮರುವಾರ ಗುಂಪಿನಲ್ಲಿ ಒಂದು ಪ್ರಶ್ನೆ ಬಂತು: ‘ಸರ್, 21:40ರಲ್ಲಿ ಎರಡನೆಯ ವರ್ಷದ್ದು 9,000 ಅಂದಿರಿ. ಯಂತ್ರವನ್ನು ವರ್ಷದ ನಡುವೆ ಕೊಂಡಿದ್ದರೆ?’ ಅದರ ಉತ್ತರವನ್ನು ಆ ಸಂಜೆಯೇ ಪುಸ್ತಕದ ಸೇತುವೆಯ ಕೆಳಗೆ ನಾಲ್ಕು ನಿಮಿಷದಲ್ಲಿ ಬರೆದು ತೋರಿಸಿ ಕಳಿಸಿದೆ.